ಮುಖಭಾಗಕ್ಕೂ ಒಂದು ಕರ್ತವ್ಯವುಂಟು

ಕಟ್ಟಡವೊಂದನ್ನು ಎಬ್ಬಿಸತಕ್ಕವನು ಇಬ್ಬರಿಗೆ ಉತ್ತರ ಹೇಳಬೇಕಾದವನು: ಅದರೊಳಗೆ ಉಂಡು, ಮಲಗಿ, ಕಾಯಿಲೆಬಿದ್ದು ಎದ್ದು, ಮಕ್ಕಳನ್ನು ಬೆಳೆಸಿ ಬಾಳತಕ್ಕವನೊಬ್ಬ, ಅದರ ಹೊಸ್ತಿಲನ್ನು ಎಂದೂ ತುಳಿಯದಿದ್ದರೂ ಬೀದಿಯಲ್ಲಿ ಹೋಗುತ್ತ ಬರುತ್ತ ಅದನ್ನು ನೋಡಲೇಬೇಕಾದವನು ಇನ್ನೊಬ್ಬ. ಮೊದಲಿನವನು ಉಪಯೋಗವನ್ನು ಕೇಳುತ್ತಾನೆ, ಎರಡನೆಯವನು ರೂಪವನ್ನು ಕೇಳುತ್ತಾನೆ. ಈ ಎರಡು ಬೇಡಿಕೆಗಳಲ್ಲಿ ಒಂದನ್ನು ಸಲ್ಲಿಸಿದರೆ ಮತ್ತೊಂದಕ್ಕೆ ಕುಂದು ಬಾರದಿರದೆಂಬ ನಂಬಿಕೆ ನಮ್ಮ ಕಾಲದಲ್ಲಿ ಎಷ್ಟು ಬೇರೂರಿದೆಯೆಂದರೆ, ಅನುಕೂಲವಾದ ಮನೆ ಚೆಂದವಾಗಿರಲಾರದೆಂದೂ ಚೆಂದವಾದ ಮನೆಗಾಗಿ ಕೊಂಚ ಅನನುಕೂಲವನ್ನು ಸಹಿಸಿಕೊಳ್ಳಬೇಕೆಂದೂ ವಿದ್ಯಾವಂತರು ಸಹ ಒಪ್ಪಿಕೊಂಡುಬಿಟ್ಟಿದ್ದಾರೆ. ಈ ಒಪ್ಪಿಗೆ ತಪ್ಪೆಂಬುದು ನನ್ನ ದೃಢವಾದ ಅಭಿಪ್ರಾಯ. ಕಟ್ಟಡದ ಹೊರಮೈ ಮೊದಲು ಒಳಗಿನವನನ್ನು ಕಾಪಾಡಬೇಕು. ಆ ಕಾಪಾಡುವ ಕೆಲಸದಿಂದಲೇ ಅದರ ಶೋಭೆ ಹುಟ್ಟಿಬರಬೇಕು. ಹಾಗೆ ಹುಟ್ಟದೆ ಬೇರೆಲ್ಲಿಂದಲೋ ತಂದು ಅಂಟಿಸಿದ ಶೋಭೆ ಒಂದಲ್ಲ ಒಂದು ದಿನ ಮನೆಯವನಿಗೆ ಭಾರವಾಗಿ ಪರಿಣಮಿಸುತ್ತದೆ.

ಮಿಷಿಗನ್ ರಾಜ್ಯದಲ್ಲಿ, ಡೆಟ್ರಾಯಿಟ್ ನಗರದ ಪಶ್ಚಿಮಕ್ಕಿರುವ ಪ್ಲಿಮತ್ ಎಂಬ ಈ ಪುಟ್ಟ ಊರಿನಲ್ಲಿ ಕುಳಿತು ಇದನ್ನು ಬರೆಯುವುದಕ್ಕೆ ಕಾರಣವಿದೆ. ಇಲ್ಲಿಯೂ ಪಕ್ಕದ ಕ್ಯಾಂಟನ್, ನಾರ್ತ್‌ವಿಲ್, ನೋವೈ ಊರುಗಳಲ್ಲಿಯೂ ಮೋಟಾರು ಕಂಪನಿಗಳ, ಆಸ್ಪತ್ರೆಗಳ, ಸಾಫ್ಟ್‌ವೇರ್ ಉದ್ಯಮದ ಕೆಲಸಕ್ಕೆಂದು ಬಂದು ನೆಲೆಸಿದ ಕನ್ನಡ ಕುಟುಂಬಗಳು ಬಹಳ. ಅವುಗಳಲ್ಲಿ ಅನೇಕರು ಜೀವಮಾನದಲ್ಲಿ ಎರಡು ಮನೆಗಳನ್ನು ಮಾಡಿಕೊಳ್ಳುವವರು. ಒಂದು ಇಲ್ಲಿಯ ಬಡಾವಣೆಯಲ್ಲಿ ಕೊಳ್ಳುವ ಮನೆ. ಇನ್ನೊಂದು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಮೂವತ್ತು-ನಲವತ್ತರ ಸೈಟಿನ ಮೇಲೆ, ವಾಟ್ಸ್ಯಾಪಿನಲ್ಲಿ ಬರುವ ಚಿತ್ರಗಳನ್ನು ನೋಡಿ ಒಪ್ಪಿಗೆ ಕೊಡುತ್ತ ಕಟ್ಟಿಸುವ ಮನೆ. ಎರಡು ಕಡೆಯೂ ಮೊದಲು ಕಣ್ಣಿಗೆ ಬೀಳತಕ್ಕದ್ದು ‘ಎಲಿವೇಷನ್’. ಅಡುಗೆಮನೆಗೆ ಬೆಳಕು ಎತ್ತಣಿಂದ ಬರುತ್ತದೆ, ಮಳೆಯ ನೀರು ಎತ್ತ ಹರಿಯುತ್ತದೆ ಎಂಬ ಮಾತು ಬರುವ ಹೊತ್ತಿಗೆ ಮುಖಭಾಗ ನಿಶ್ಚಯವಾಗಿಹೋಗಿರುತ್ತದೆ.

ಮೊದಲು ಇಲ್ಲಿಯ ಮನೆಯನ್ನೇ ನೋಡೋಣ. ಮಿಷಿಗನ್ನಿನಲ್ಲಿ ಚಳಿಗಾಲದಲ್ಲಿ ಭೂಮಿ ಆಳದವರೆಗೂ ಹೆಪ್ಪುಗಟ್ಟುವುದರಿಂದ ಪಾಯವನ್ನು 42 ಅಂಗುಲದಷ್ಟಾದರೂ ಕೆಳಗೆ ಇಳಿಸಬೇಕೆಂಬುದು ಇಲ್ಲಿಯ ನಿಯಮ; ಅಷ್ಟು ಅಗೆದ ಮೇಲೆ ಇನ್ನೂ ನಾಲ್ಕಡಿ ಅಗೆದರೆ ನೆಲಮಾಳಿಗೆಯೊಂದು ದೊರೆಯುತ್ತದೆಯಾದ್ದರಿಂದ ಪ್ರತಿ ಮನೆಗೂ ನೆಲಮಾಳಿಗೆಯಿರುವುದು ಇಲ್ಲಿ ವಾಡಿಕೆಯಾಯಿತು. ಪ್ರಕೃತಿಯ ಕಟ್ಟಳೆಯಿಂದ ಉಪಯೋಗವೂ, ಉಪಯೋಗದಿಂದ ರೂಪವೂ ಮೂಡಿಬರುವ ಸಹಜ ಕ್ರಮಕ್ಕೆ ಇದು ಒಳ್ಳೆಯ ನಿದರ್ಶನ. ಆದರೆ ದೃಷ್ಟಿಯನ್ನು ಮಾಡಿನ ಕಡೆಗೆ ಎತ್ತಿದರೆ ಈ ವಿವೇಕ ಮಾಯವಾಗಿರುತ್ತದೆ. ಕಳೆದ ಕೆಲವು ದಶಕಗಳಲ್ಲಿ ಎದ್ದ ಬಡಾವಣೆಗಳ ಮನೆಗಳಲ್ಲಿ ಮುಂಭಾಗ ಸಂಪನ್ನವಾಗಿ ಕಾಣಲೆಂದು ಒಂದರ ಪಕ್ಕದಲ್ಲೊಂದು, ಒಂದರ ಮುಂದೊಂದು ತ್ರಿಕೋನಾಕಾರದ ಮಾಡುಮುಖಗಳನ್ನು ಜೋಡಿಸುತ್ತಾರೆ. ಅವುಗಳಲ್ಲಿ ಹಲವಕ್ಕೆ ಹಿಂದೆ ಕೋಣೆಯೂ ಇಲ್ಲ, ಕಿಟಕಿಯೂ ಇಲ್ಲ. ಒಂದು ಇಳಿಜಾರು ಇನ್ನೊಂದಕ್ಕೆ ಸೇರುವ ಪ್ರತಿಯೊಂದು ಸಂದಿನಲ್ಲಿಯೂ ಹಿಮ ಕೂಡಿಕೊಳ್ಳುತ್ತದೆ. ಅಟ್ಟದಿಂದ ಸೋರಿದ ಕಾವಿಗೆ ಹಿಮದ ತಳ ಕರಗುತ್ತದೆ. ಕರಗಿದ ನೀರು ಕೆಳಕ್ಕೆ ಹರಿದು, ಕಾವು ತಾಕದ ಸೂರಿನಂಚಿಗೆ ಬಂದು ಮತ್ತೆ ಹೆಪ್ಪುಗಟ್ಟಿ ಅಣೆಕಟ್ಟೆಯಾಗುತ್ತದೆ. ಹಿಂದೆ ನಿಂತ ನೀರು ಹೊದಿಕೆಯ ಅಡಿಗೆ ನುಗ್ಗಿ ಮಲಗುವ ಕೋಣೆಯ ಮುಚ್ಚಿಗೆಯ ಮೇಲೆ ಕಂದುಬಣ್ಣದ ಕಲೆಯಾಗಿ ಇಳಿಯುತ್ತದೆ. ಇಲ್ಲಿಯವರು ‘ಐಸ್ ಡ್ಯಾಮ್’ ಎನ್ನುವ ಈ ಉಪದ್ರವಕ್ಕೆ ಕಾವು ಸೋರುವ ಅಟ್ಟ ಮುಖ್ಯ ಕಾರಣವೆಂಬುದು ನಿಜವೇ. ಆದರೆ ಒಂದೇ ಸರಳ ಇಳಿಜಾರಿನ ಮಾಡಿನಲ್ಲಿ ಅಂಚಿನಲ್ಲಿ ಮಾತ್ರ ಇರತಕ್ಕ ಭಯವನ್ನು ಹತ್ತು ಸಂದುಗಳಿಗೆ ಹಂಚಿದ್ದು ಮಾತ್ರ ನೋಟದ ಚಪಲ.

ಅದೇ ಮನೆಯ ಮುಖವನ್ನು ಇನ್ನಷ್ಟು ಹತ್ತಿರದಿಂದ ಪರಿಶೀಲಿಸಿದರೆ ಕಿಟಕಿಗಳ ಎರಡು ಪಕ್ಕದಲ್ಲಿಯೂ ಕಡುಹಸಿರೋ ಕಪ್ಪೋ ಬಣ್ಣದ ಹೊರಗದಗಳು ಕಾಣುತ್ತವೆ. ಗಾಳಿ ಬಿರುಸಾದಾಗ ಗಾಜನ್ನು ಮುಚ್ಚಿ ಕಾಪಾಡುವುದು ಮರದ ಹೊರಗದಗಳ ಪೂರ್ವಕಾಲದ ಕೆಲಸ. ಈಗಿನವು ಪ್ಲಾಸ್ಟಿಕ್ಕಿನವು, ಗೋಡೆಗೆ ತಿರುಪಿನಿಂದ ಬಿಗಿದವು, ಕೀಲಿಲ್ಲ, ಚಿಲಕವಿಲ್ಲ, ಎರಡನ್ನೂ ಕಿತ್ತು ಜೋಡಿಸಿದರೂ ಎಷ್ಟೋ ಕಡೆ ಕಿಟಕಿಯ ಅರ್ಧವನ್ನು ಸಹ ಮುಚ್ಚಲಾರವು. ಇಟ್ಟಿಗೆಯ ಗೋಡೆ ಬೀದಿಗೆ ಕಾಣುವ ಮುಂಭಾಗದಲ್ಲಿ ಮಾತ್ರ, ಮೂಲೆ ತಿರುಗಿದೊಡನೆ ವಿನೈಲ್ ಹೊದಿಕೆ. ಮುಂಬಾಗಿಲಿನ ಮುಂದೆ ಒಂದು ಜಗಲಿಯ ಆಭಾಸವುಂಟು, ಆದರೆ ಒಂದು ಕುರ್ಚಿ ಹಾಕಿ ಕಾಲು ಚಾಚುವಷ್ಟು ಅಗಲ ಅದಕ್ಕಿಲ್ಲ. ಮನೆಯವರ ನಿಜವಾದ ಬಾಗಿಲು ಕಾರು ನಿಲ್ಲುವ ಗ್ಯಾರೇಜಿನದು. ಪ್ಲಿಮತ್ತಿನ ನಡುಮಧ್ಯದಲ್ಲಿ, ಕೆಲಾಗ್ ಉದ್ಯಾನದ ಸುತ್ತಲಿನ ಹಳೆಯ ಬೀದಿಗಳಲ್ಲಿ ನಡೆದರೆ, ಇದೇ ಜಗಲಿಯ ಮೂಲರೂಪ ಕಾಣಸಿಗುತ್ತದೆ: ಎಂಟಡಿ ಆಳದ, ಮಾಡಿಳಿಸಿದ ಆ ಜಗಲಿಗಳಲ್ಲಿ ಬೇಸಗೆಯ ಸಂಜೆ ವೃದ್ಧದಂಪತಿಗಳು ಕುಳಿತಿರುತ್ತಾರೆ, ಹಾದುಹೋಗುವವರನ್ನು ಮಾತಾಡಿಸುತ್ತಾರೆ. ಆ ಜಗಲಿ ಚೆಲುವಾಗಿ ಕಾಣುವುದು ಮನುಷ್ಯರು ಅದನ್ನು ತುಂಬಿರುವುದರಿಂದ. ಹೊಸ ಮನೆ ಚೆಲುವನ್ನು ಅನುಕರಿಸಿ ಕಾರಣವನ್ನು ಬಿಟ್ಟಿತು.

ಈ ವಿವಾದಕ್ಕೆ ಪ್ರಪಂಚದಲ್ಲಿ ಸೂತ್ರರೂಪವನ್ನು ಕೊಟ್ಟ ಊರು ಇಲ್ಲಿಂದ ನಾಲ್ಕೈದು ಗಂಟೆಯ ದಾರಿಯಲ್ಲಿರುವ ಷಿಕಾಗೊ ಆದ್ದರಿಂದ ಅತ್ತ ಒಮ್ಮೆ ನೋಡುವುದು ಯುಕ್ತ. ರೂಪ ಸದಾ ಕಾರ್ಯವನ್ನು ಅನುಸರಿಸಿ ನಡೆಯತಕ್ಕದ್ದೆಂಬ ತತ್ತ್ವವನ್ನು ವಾಸ್ತುಶಿಲ್ಪಿ ಲೂಯಿಸ್ ಸಲಿವನ್ 1896ರಲ್ಲಿ, ಎತ್ತರದ ಕಚೇರಿ ಕಟ್ಟಡಗಳನ್ನು ಕುರಿತ ಲೇಖನವೊಂದರಲ್ಲಿ ಸಾರಿದನು. ಈ ಮಾತನ್ನು ಹಿಡಿದುಕೊಂಡ ಮುಂದಿನ ತಲೆಮಾರಿನವರು ಅಲಂಕಾರವೆಲ್ಲ ವರ್ಜ್ಯವೆಂದು ಅರ್ಥಮಾಡಿಕೊಂಡರು. ಆದರೆ ಅದೇ ಸಲಿವನ್ನನು ಷಿಕಾಗೊದ ಸ್ಟೇಟ್ ಬೀದಿಯಲ್ಲಿ ಕಟ್ಟಿದ ಬಟ್ಟೆಬರೆಯ ದೊಡ್ಡ ಅಂಗಡಿಯ ಬಾಗಿಲಿನ ಸುತ್ತ, ಎರಕದ ಕಬ್ಬಿಣದಲ್ಲಿ ಎಲೆ ಬಳ್ಳಿಗಳು ಎಷ್ಟು ನಿಬಿಡವಾಗಿ ಹಬ್ಬಿವೆಯೆಂದರೆ ಹೊಯ್ಸಳ ಶಿಲ್ಪವನ್ನು ಕಂಡ ಕನ್ನಡಿಗನಿಗೂ ಅದು ಪರಿಚಿತವೆನಿಸುತ್ತದೆ. ಆತನ ಬುದ್ಧಿ ಸ್ಪಷ್ಟವಾಗಿತ್ತು: ನಡೆದುಹೋಗುವವರ ಕಣ್ಣಿನ ಮಟ್ಟದಲ್ಲಿ, ಅಂಗಡಿ ಗಿರಾಕಿಯನ್ನು ಕರೆಯಬೇಕಾದ ಸ್ಥಳದಲ್ಲಿ ಅಲಂಕಾರ, ಮೇಲಿನ ಅಂತಸ್ತುಗಳಲ್ಲಿ, ಬೆಳಕು ಮಾತ್ರ ಬೇಕಾದಲ್ಲಿ, ಅಗಲವಾದ ಕಿಟಕಿಗಳ ಸರಳ ಸಾಲು. ಅದೇ ನಗರದ ಮೊನಾಡ್ನಾಕ್ ಕಟ್ಟಡದ 1891ರ ಭಾಗ ಹದಿನಾರು ಅಂತಸ್ತುಗಳಷ್ಟು ಎತ್ತರ. ಇಟ್ಟಿಗೆಯ ಹೊರಗೋಡೆಗಳೇ ಭಾರ ಹೊರಬೇಕಾಗಿದ್ದುದರಿಂದ ಅವು ಬುಡದಲ್ಲಿ ಆರಡಿ ದಪ್ಪ. ಅಲಂಕಾರವೆಂಬುದೇ ಇಲ್ಲದ ಆ ಗೋಡೆ ಬುಡದ ಬಳಿ ಮೆಲ್ಲನೆ ಹೊರಕ್ಕೆ ಬಾಗುವ ರೇಖೆಯೊಂದರಲ್ಲೇ ಅದರ ಗಾಂಭೀರ್ಯವೆಲ್ಲ ಅಡಗಿದೆ.

ಡೆಟ್ರಾಯಿಟಿಗೆ ಸೇರಿದ ಆಲ್ಬರ್ಟ್ ಕಾನ್ ಎಂಬ ವಾಸ್ತುಶಿಲ್ಪಿಯ ಬಾಳು ಇನ್ನೂ ಹೆಚ್ಚಿನ ಪಾಠವನ್ನು ಹೇಳುತ್ತದೆ. ಜರ್ಮನಿಯಲ್ಲಿ 1869ರಲ್ಲಿ ಹುಟ್ಟಿ ಬಾಲ್ಯದಲ್ಲಿ ಇಲ್ಲಿಗೆ ಬಂದ ಈತ, ಕಬ್ಬಿಣದ ಸರಳುಗಳಿಂದ ಬಲಪಡಿಸಿದ ಕಾಂಕ್ರೀಟನ್ನು ಕಾರ್ಖಾನೆಗಳಿಗೆ ಅಳವಡಿಸಿ, ಗೋಡೆಯ ಭಾರವನ್ನು ಕಂಬಗಳಿಗೆ ವರ್ಗಾಯಿಸಿ, ಗೋಡೆಯಿದ್ದ ಜಾಗವನ್ನೆಲ್ಲ ಗಾಜಿಗೆ ಬಿಟ್ಟುಕೊಟ್ಟನು. 1910ರಲ್ಲಿ ತೆರೆದ ಫೋರ್ಡರ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆ ಹಾಗೆ ಕಟ್ಟಿದ್ದು. ಹರಿಯುವ ಜೋಡಣೆಯ ಸಾಲು 1913ರಲ್ಲಿ ಬಂದ ಮೇಲೆ ಸಾಮಾನನ್ನು ಅಂತಸ್ತಿನಿಂದ ಅಂತಸ್ತಿಗೆ ಎತ್ತಿಳಿಸುವುದು ತೊಡಕೆಂದು ಕಂಡುಬರಲಾಗಿ, ರೂಜ್ ನದಿಯ ದಡದ ಹೊಸ ಕಾರ್ಖಾನೆಗಳಲ್ಲಿ ಆತನೇ ಒಂದೇ ಅಂತಸ್ತಿನ ವಿಸ್ತಾರವಾದ ಕಾರ್ಯಶಾಲೆಗಳನ್ನು ಕಟ್ಟಿದನು. ನಮ್ಮ ಪ್ಲಿಮತ್ತಿನ ಎಲ್ಲೆಯಲ್ಲಿಯೇ ಆತನ ಕೃತಿಯೊಂದಿದೆ: ಮಿಡ್ಲ್ ರೂಜ್ ನದಿಯ ನೀರಿನ ಬಲವನ್ನು ಬಳಸಿಕೊಂಡು ಹಳ್ಳಿಗಾಡಿನಲ್ಲಿ ಸಣ್ಣ ಕೈಗಾರಿಕೆಗಳನ್ನು ನೆಲೆಗೊಳಿಸುವ ಹೆನ್ರಿ ಫೋರ್ಡರ ಯೋಜನೆಗೆ ಸೇರಿದ, 1920ರ ದಶಕದ ಆದಿಯ ಫೀನಿಕ್ಸ್ ಮಿಲ್. ಮೋಟಾರಿನ ಸೂಕ್ಷ್ಮವಾದ ವಿದ್ಯುತ್ ಭಾಗಗಳನ್ನು ಜೋಡಿಸಲು ಅಲ್ಲಿ ದುಡಿಯುತ್ತಿದ್ದವರು ಬಹುಪಾಲು ಹೆಂಗಸರು. ಸಣ್ಣ ಕೆಲಸಕ್ಕೆ ಒಳ್ಳೆಯ ಬೆಳಕು ಬೇಕು. ಆದ್ದರಿಂದ ಇಟ್ಟಿಗೆಯ ಗೋಡೆಯಲ್ಲಿ ಅಷ್ಟು ದೊಡ್ಡ ಕಿಟಕಿಗಳು. ಮೇಜಿನ ಮುಂದೆ ಕುಳಿತವಳ ಕಣ್ಣಿಗಾಗಿ ತೆರೆದ ಆ ಗಾಜು, ಇಂದು ಆ ಕೆಲಸವೆಲ್ಲ ನಿಂತು ಕಟ್ಟಡ ಸಮಾರಂಭಗಳ ತಾಣವಾಗಿರುವಾಗಲೂ, ರಸ್ತೆಯಲ್ಲಿ ಹೋಗುವವರನ್ನು ನಿಲ್ಲಿಸಿ ನೋಡಿಸುತ್ತದೆ. ಉಪಯೋಗ ಮುಗಿದ ಮೇಲೆಯೂ ಉಳಿಯುವಂಥ ರೂಪ ಇದು.

ಅದೇ ಕಾನ್ 1928ರಲ್ಲಿ ಡೆಟ್ರಾಯಿಟಿನಲ್ಲಿ ಫಿಷರ್ ಕಟ್ಟಡವನ್ನು ಕಟ್ಟಿದಾಗ ಹತ್ತಾರು ಬಗೆಯ ಅಮೃತಶಿಲೆ, ಚಿತ್ರಿಸಿದ ಕಮಾನು ಮುಚ್ಚಿಗೆ, ಕಂಚಿನ ಬಾಗಿಲು ಯಾವುದಕ್ಕೂ ಕೈ ಹಿಡಿಯಲಿಲ್ಲ. ಇದರಲ್ಲಿ ವಿರೋಧವೇನೂ ಇಲ್ಲ. ನಗರದ ಜನ ಸೇರಿ ಹೋಗುವ, ಅಂಗಡಿಗಳನ್ನೂ ನಾಟಕಶಾಲೆಯನ್ನೂ ಒಳಗೊಂಡ ಸಾರ್ವಜನಿಕ ಮಂಟಪವೊಂದು ಬಂದವನಿಗೆ ಗೌರವವನ್ನು ತೋರಬೇಕು. ಹಾಗೆ ಗೌರವಿಸುವುದು ಕಾರ್ಖಾನೆಯ ಬೆಳಕಿನಷ್ಟೇ ವಾಸ್ತವವಾದ ಉಪಯೋಗ.

ರೂಪಕ್ಕಾಗಿ ಉಪಯೋಗವನ್ನು ಬಲಿಕೊಟ್ಟವರು ಅಲಂಕಾರಪ್ರಿಯರು ಮಾತ್ರವೆಂದು ಯಾರೂ ತಿಳಿಯಬಾರದು. ಸರಳತೆಯ ಹೆಸರಿನಲ್ಲಿಯೂ ಆ ಬಲಿ ನಡೆದಿದೆ. ಮೀಸ್ ವಾನ್ ಡೆರ್ ರೋಹೆ ಎಂಬ ವಾಸ್ತುಶಿಲ್ಪಿ ಷಿಕಾಗೊದ ಸರೋವರತೀರದಲ್ಲಿ 1951ರಲ್ಲಿ ಮುಗಿಸಿದ ಜೋಡಿ ಗೋಪುರಗಳಲ್ಲಿ ಉಕ್ಕಿನ ಕಂಬಗಳನ್ನು ಬೆಂಕಿಯ ಭಯದಿಂದ ಕಾಂಕ್ರೀಟಿನಲ್ಲಿ ಹುದುಗಿಸಬೇಕಾಗಿತ್ತು. ಒಳಗಿನ ಉಕ್ಕು ಕಾಣದಾಯಿತೆಂದು ಆತ ಹೊರಗೆ ಬೇರೆ ಉಕ್ಕಿನ ತೊಲೆಗಳನ್ನು ಲಂಬವಾಗಿ ಬೆಸೆಯಿಸಿದನು. ಅವು ಗಾಜಿನ ಚೌಕಟ್ಟಿಗೆ ಕೊಂಚ ಬಲ ಕೊಡುವುದು ನಿಜವಾದರೂ, ಕಂಬಗಳ ಮೇಲೆಯೂ ಅವನ್ನು ಬೆಸೆದದ್ದು ಕಣ್ಣಿನ ಸಮಾಧಾನಕ್ಕಾಗಿ. ಅದೇ ವರ್ಷ ಪ್ಲೇನೊ ಎಂಬಲ್ಲಿ, ಫಾಕ್ಸ್ ನದಿಯ ನೆರೆಬಯಲಿನಲ್ಲಿ, ಎಡಿತ್ ಫಾರ್ನ್ಸ್‌ವರ್ತ್ ಎಂಬ ವೈದ್ಯೆಗಾಗಿ ಆತ ಕಟ್ಟಿದ ಗಾಜಿನ ಮನೆ ನೆಲದಿಂದ ಐದಡಿ ಎತ್ತರದಲ್ಲಿ ತೇಲುವಂತೆ ನಿಂತು ಜಗತ್ಪ್ರಸಿದ್ಧವಾಯಿತು; ಆದರೆ ನದಿಯ ಪ್ರವಾಹ ಆ ಎತ್ತರವನ್ನು ಮೀರಿ 1954ರಲ್ಲಿಯೂ 1996ರಲ್ಲಿಯೂ ಒಳಗೆ ನುಗ್ಗಿತು, ಅದಕ್ಕೂ ಮೊದಲೇ ಮನೆಯೊಡತಿಗೂ ಶಿಲ್ಪಿಗೂ ವ್ಯಾಜ್ಯ ನ್ಯಾಯಸ್ಥಾನದವರೆಗೆ ಹೋಯಿತು. ಷಿಕಾಗೊದಲ್ಲಿಯೇ 1970ರ ದಶಕದಲ್ಲಿ ಎದ್ದ ಸ್ಟ್ಯಾಂಡರ್ಡ್ ಆಯಿಲ್ ಗೋಪುರಕ್ಕೆ ಇಟಲಿಯ ಕರಾರಾ ಅಮೃತಶಿಲೆಯ ತೆಳು ಹಲಗೆಗಳನ್ನು, ಸುಮಾರು 43,000ವನ್ನು, ಹೊದಿಸಿದರು. ಬೇಸಗೆಯ ಬಿಸಿಲಿಗೂ ಚಳಿಗಾಲದ ಹೆಪ್ಪಿಗೂ ಪದೇ ಪದೇ ಸಿಕ್ಕಿ ಆ ಹಲಗೆಗಳು ಬಾಗತೊಡಗಿದವು. 1990ರಿಂದ 1992ರ ಒಳಗೆ ಅಷ್ಟನ್ನೂ ತೆಗೆದು ಗ್ರಾನೈಟ್ ಹೊದಿಸಲು 8 ಕೋಟಿ ಡಾಲರಿಗೂ ಮಿಕ್ಕಿ ವೆಚ್ಚವಾಯಿತು. ಮೆಡಿಟರೇನಿಯನ್ ಸೀಮೆಯ ಶಿಲೆಯನ್ನು ಮಿಷಿಗನ್ ಸರೋವರದ ಗಾಳಿಗೆ ಒಡ್ಡಿದ್ದರ ಫಲವಿದು.

ನಮ್ಮ ನಾಡಿನ ಹಿರಿಯರು ಈ ವಿಷಯದಲ್ಲಿ ಹೇಗೆ ನಡೆದುಕೊಂಡಿದ್ದರೆಂಬುದನ್ನು ಮರೆತು ನಾವು ಹೊರಗಣವರ ಚಿತ್ರಗಳಿಗೆ ಕೈಚಾಚುವುದು ವಿಷಾದದ ಸಂಗತಿ. ಮೂಡಬಿದಿರೆಯ ಸಾವಿರ ಕಂಬದ ಬಸದಿ 1430ರದು; ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆ ಕರಾವಳಿಯಲ್ಲಿ ಶಿಲ್ಪಿಗಳು ಬಯಲುಸೀಮೆಯ ದೇವಾಲಯದ ಚಪ್ಪಟೆ ಮೇಲ್ಛಾವಣಿಯನ್ನು ನಕಲು ಮಾಡದೆ, ಕಲ್ಲಿನ ಚಪ್ಪಡಿಗಳನ್ನೇ ಇಳಿಜಾರಾಗಿ ಹೊದಿಸಿ, ಸೂರನ್ನು ಹೊರಕ್ಕೆ ಚಾಚಿದರು; ಅದರ ಸೌಂದರ್ಯವೆಂದು ನಾವು ಕೊಂಡಾಡುವುದೆಲ್ಲ ಆ ಚಾಚಿದ ಸೂರುಗಳ ಸಾಲಿನಲ್ಲಿಯೇ ಇದೆ. ಮಲೆನಾಡಿನ ತೊಟ್ಟಿಮನೆಯಲ್ಲಿ ನಾಲ್ಕು ಮಾಡುಗಳು ಒಳಮುಖವಾಗಿ ಸೇರುವ ಸಂದುಗಳಿವೆ. ಆದರೆ ಆ ನೀರು ಬೀಳತಕ್ಕದ್ದು ತೆರೆದ ಅಂಗಳಕ್ಕೆ, ಅಂಗಳದಿಂದ ಹೊರಗೆ ಹರಿದುಹೋಗಲು ಕಲ್ಲಿನ ಕಾಲುವೆ ಸಿದ್ಧವಾಗಿದೆ. ಬೆಂಗಳೂರಿನ ದಂಡುಪ್ರದೇಶದ ಹಳೆಯ ಬಂಗಲೆಗಳಲ್ಲಿ ಕಿಟಕಿಯ ಮೇಲೆ ಟೋಪಿಯಂತೆ ಇಳಿಬಿಟ್ಟ, ‘ಮಂಕಿ ಟಾಪ್’ ಎಂದು ಹೆಸರಾದ ಮರದ ಜಾಲರಿಗಳು ಬಿಸಿಲನ್ನೂ ಎರಚಲನ್ನೂ ತಡೆದು ಗಾಳಿಯನ್ನು ಬಿಡುತ್ತಿದ್ದವು. ಆ ಮನೆಗಳ ಮುಖ್ಯ ಅಲಂಕಾರವೂ ಅವೇ. ಉಪಯೋಗವೆಲ್ಲಿ ಮುಗಿಯಿತು, ಚೆಲುವೆಲ್ಲಿ ಮೊದಲಾಯಿತೆಂದು ಅಲ್ಲಿ ಗೆರೆ ಎಳೆಯಲಾಗುವುದಿಲ್ಲ.

ಈ ಪ್ರಶ್ನೆ ಮೈಸೂರು ಸಂಸ್ಥಾನದಲ್ಲಿ ಆಡಳಿತದ ಮಟ್ಟಕ್ಕೂ ಬಂದಿತ್ತು. ಹಿಟ್ಲರನ ಜರ್ಮನಿಯನ್ನು ತೊರೆದು 1939ರಲ್ಲಿ ಸಂಸ್ಥಾನದ ಸೇವೆಗೆ ಬಂದ ವಾಸ್ತುಶಿಲ್ಪಿ ಆಟೊ ಕೋನಿಗ್ಸ್‌ಬರ್ಗರ್, ಬಿಸಿಲು ಗಾಳಿ ನೆರಳುಗಳ ಲೆಕ್ಕದಿಂದಲೇ ಕಟ್ಟಡ ಹುಟ್ಟಬೇಕೆಂದು ನಂಬಿದವರು. ದಿವಾನ್ ಮಿರ್ಜಾ ಇಸ್ಮಾಯಿಲರು ನಗರದ ಸೊಬಗಿಗಾಗಿ ಕಮಾನು ಗುಮ್ಮಟಗಳನ್ನು ಪ್ರೀತಿಸಿದವರು. ಕೋನಿಗ್ಸ್‌ಬರ್ಗರ್ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಕಟ್ಟಿದ ಕಟ್ಟಡಗಳು ಇಂದಿಗೂ ಬಳಕೆಯಲ್ಲಿವೆ. ಅಲ್ಲಿ ಕಲಿತದ್ದನ್ನು ಅವರು ಮುಂದೆ ಲಂಡನ್ನಿನಲ್ಲಿ ಉಷ್ಣವಲಯದ ವಾಸ್ತುವಿದ್ಯೆಯೆಂಬ ಶಾಸ್ತ್ರವಾಗಿ ಬೋಧಿಸಿದರು. ಅವರು ಹೋದ ಕೆಲವೇ ವರ್ಷಗಳಲ್ಲಿ, ಕೆಂಗಲ್ ಹನುಮಂತಯ್ಯನವರ ಸಂಕಲ್ಪದಿಂದ ಗುಮ್ಮಟವನ್ನೂ ಮಹಾಸೋಪಾನವನ್ನೂ ಹೊತ್ತ ವಿಧಾನಸೌಧ 1956ರಲ್ಲಿ ಪೂರ್ಣವಾಯಿತು. ಗುಮ್ಮಟದಿಂದ ಏನು ಉಪಯೋಗವೆಂದು ಕೇಳಿದವರು ಅಂದೂ ಇದ್ದರು. ಅರಸರ ಅರಮನೆಯನ್ನೇ ವೈಭವವೆಂದು ತಿಳಿದಿದ್ದ ಪ್ರಜೆಗಳಿಗೆ, ತಾವೇ ಆರಿಸಿ ಕಳುಹಿದವರು ಕೂಡುವ ಸಭೆಯೂ ಅಷ್ಟೇ ಘನವಾದದ್ದೆಂದು ತಿಳಿಸುವುದು ಆ ಕಾಲದ ಒಂದು ಅಗತ್ಯವಾಗಿತ್ತೆಂದೂ, ಆ ಅಗತ್ಯವನ್ನು ನಾಡಿನ ಗ್ರಾನೈಟ್ ಶಿಲೆಯಲ್ಲಿ, ಮಾಸದ ಹಾಗೆ ಸಲ್ಲಿಸಲಾಯಿತೆಂದೂ ನಾನು ಉತ್ತರ ಕೊಡುತ್ತೇನೆ. ಆದರೆ ಅದರ ಪಕ್ಕದಲ್ಲಿ 2005ರಲ್ಲಿ ಎದ್ದ ವಿಕಾಸಸೌಧ ಬಹುಮಟ್ಟಿಗೆ ಕಚೇರಿಗಳ ಕಟ್ಟಡ. ಕಡತ ನೋಡುವ ಕೋಣೆಗಳಿಗೆ ಶಾಸನಸಭೆಯ ಮುಖವನ್ನು ತೊಡಿಸಿದ್ದರಿಂದ ಕಚೇರಿಯ ಗೌರವವೇನೂ ಹೆಚ್ಚಲಿಲ್ಲ, ಮೂಲದ ಏಕೈಕತೆ ಮಾತ್ರ ಕುಗ್ಗಿತು.

ಇಂದಿನ ಬೆಂಗಳೂರಿನ ಮನೆಗಳ ಸ್ಥಿತಿ ಇದಕ್ಕಿಂತ ಕಳವಳಕಾರಿ. ಮುಖಭಾಗ ಪೆಟ್ಟಿಗೆಯಂತೆ ನಯವಾಗಿ ಕಾಣಬೇಕೆಂದು ಕಿಟಕಿಯ ಮೇಲಿನ ಸಜ್ಜಾವನ್ನು ತೆಗೆದುಹಾಕುತ್ತಾರೆ. ಹದಿಮೂರು ಡಿಗ್ರಿ ಅಕ್ಷಾಂಶದ ನಗರದಲ್ಲಿ, ನೆತ್ತಿಯ ಮೇಲೆ ನಡೆಯುವ ಸೂರ್ಯನನ್ನು ಎರಡಡಿಯ ಸಜ್ಜಾ ತಡೆಯುತ್ತಿತ್ತು, ಈಗ ಆ ಕೆಲಸ ಹವಾನಿಯಂತ್ರಣ ಯಂತ್ರದ ಪಾಲಿಗೆ ಬಂದಿದೆ. ಮೊದಲ ಮುಂಗಾರಿಗೇ ಎರಚಲು ಕಿಟಕಿಯ ಸಂದಿನಲ್ಲಿ ಇಳಿದು ಒಳಗೋಡೆಯ ಬಣ್ಣ ಉಬ್ಬಿ ಉದುರುತ್ತದೆ. ಪಶ್ಚಿಮದ ಗೋಡೆಗೆ ನೆಲದಿಂದ ಮುಚ್ಚಿಗೆಯವರೆಗೆ ಗಾಜು ಹಾಕಿಸಿ, ಮಧ್ಯಾಹ್ನವಾದೊಡನೆ ದಪ್ಪ ಪರದೆ ಎಳೆದು ಹಗಲಿನಲ್ಲಿಯೇ ದೀಪ ಹಚ್ಚಿಕೊಳ್ಳುವ ಮನೆಗಳು ಎಷ್ಟಿವೆ! ದೀರ್ಘವಾದ ಚಳಿಗಾಲದಲ್ಲಿ ಬಿಸಿಲಿಗಾಗಿ ಹಂಬಲಿಸುವ ನಮ್ಮ ಪ್ಲಿಮತ್ತಿನಲ್ಲಿ ದಕ್ಷಿಣದ ಗಾಜಿಗೆ ಅರ್ಥವುಂಟು. ಅದೇ ಗಾಜನ್ನು ಚಿತ್ರದಲ್ಲಿ ಚೆನ್ನಾಗಿ ಕಂಡಿತೆಂದು ತಾಯ್ನಾಡಿನ ಬಿಸಿಲಿಗೆ ಒಯ್ಯುವುದರಲ್ಲಿ ನಾವು, ಹೊರದೇಶದಲ್ಲಿ ನೆಲೆಸಿದ ಕನ್ನಡಿಗರು, ಸಣ್ಣ ಪಾತ್ರವನ್ನೇನೂ ವಹಿಸಿಲ್ಲ. ಹಣ ನಮ್ಮದು, ಆಯ್ಕೆ ನಮ್ಮದು, ಆದರೆ ಆ ಮನೆಯಲ್ಲಿ ಬೇಸಗೆಯನ್ನು ಕಳೆಯತಕ್ಕವರು ನಮ್ಮ ವೃದ್ಧ ತಂದೆತಾಯಿಗಳು.

ಹೊರಗಿನ ರೂಪಕ್ಕೆ ಗಂಟುಬೀಳದೆ ಅದರ ಪ್ರಯೋಜನವನ್ನು ಬೇರೆ ಹವೆಗೆ ಹೊಂದಿಸಬಹುದೆಂಬುದಕ್ಕೆ ಈ ಚಳಿಸೀಮೆಯ ನಮ್ಮ ದೇವಾಲಯಗಳೇ ಸಾಕ್ಷಿ. ಊರಿನಲ್ಲಿ ಪ್ರದಕ್ಷಿಣೆಯ ಪಥ ಆಕಾಶಕ್ಕೆ ತೆರೆದಿರುತ್ತದೆ. ಇಲ್ಲಿ ಜನವರಿಯ ಹಿಮದಲ್ಲಿ ಬರಿಗಾಲಿನ ಪ್ರದಕ್ಷಿಣೆ ಅಸಾಧ್ಯವಾದ್ದರಿಂದ, ಸನ್ನಿಧಿಗಳನ್ನೆಲ್ಲ ಕಾವಿರುವ ಒಂದೇ ವಿಶಾಲ ಸಭಾಂಗಣದೊಳಗೆ ತಂದು, ವಿಮಾನಗಳನ್ನು ಮಾತ್ರ ಮಾಡಿನ ಮೇಲೆ ಎಬ್ಬಿಸುತ್ತಾರೆ. ಬಾಗಿಲಿನ ಪಕ್ಕದಲ್ಲಿ ದಪ್ಪ ಕೋಟುಗಳನ್ನೂ ಕೆಸರುಹಿಮ ಮೆತ್ತಿದ ಬೂಟುಗಳನ್ನೂ ಬಿಡಲು ದೊಡ್ಡ ಕೋಣೆಯೊಂದು ಮೀಸಲಾಗಿರುತ್ತದೆ. ಯಾವ ಆಗಮಗ್ರಂಥದಲ್ಲಿಯೂ ಇರಲಾರದ ಆ ಕೋಣೆ ಭಕ್ತನ ಪಾಲಿಗೆ ಮಂಟಪದಷ್ಟೇ ಅವಶ್ಯಕ. ದೇವರಿಗಾಗಿ ಕಟ್ಟುವಾಗ ತೋರಿದ ಈ ವಿವೇಚನೆಯನ್ನು ನಮಗಾಗಿ ಕಟ್ಟಿಕೊಳ್ಳುವಾಗ ಏಕೆ ಬಿಡಬೇಕು?

ಅಲಂಕಾರವನ್ನು ಬಿಡಿರೆಂದು ನಾನು ಹೇಳುತ್ತಿಲ್ಲ. ಬಾಗಿಲುವಾಡದ ಮೇಲೆ ಕೆತ್ತಿಸಿದ ಹೂಬಳ್ಳಿ ಯಾವ ಗೋಡೆಯನ್ನೂ ಹೊರುವುದಿಲ್ಲ. ಆದರೆ ಅದು ಬಂದವರನ್ನು ಸ್ವಾಗತಿಸುತ್ತದೆ, ಯಾರ ನೆಮ್ಮದಿಗೂ ಕುಂದು ತರುವುದಿಲ್ಲ, ಆದ್ದರಿಂದ ಅದು ಉಳಿಯಲಿ. ನಾನು ಬೇಡವೆನ್ನುವುದು ತಾನು ಮಾಡದ ಕೆಲಸವನ್ನು ಮಾಡುವಂತೆ ನಟಿಸುವ ಅಂಗವನ್ನು, ಮತ್ತು ಚೆಂದದ ಹೆಸರಿನಲ್ಲಿ ನೀರಿಗೂ ಬಿಸಿಲಿಗೂ ದಾರಿ ಮಾಡಿಕೊಡುವ ಅಂಗವನ್ನು. ಮನೆ ಕಟ್ಟಿಸುವವರು ಎಲಿವೇಷನ್ ಚಿತ್ರವನ್ನು ನೋಡುವ ಮೊದಲು ಮೂರು ವಿಷಯಗಳಿಗೆ ಉತ್ತರ ಕೇಳಿ ಪಡೆಯಲಿ: ಮಳೆಯ ನೀರು ಎಲ್ಲಿ ಬಿದ್ದು ಎಲ್ಲಿಗೆ ಹೋಗುತ್ತದೆ, ಏಪ್ರಿಲ್ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ ಬಿಸಿಲು ಯಾವ ಕೋಣೆಗೆ ಬೀಳುತ್ತದೆ, ಮುಂಬಾಗಿಲಿನಲ್ಲಿ ಇಬ್ಬರು ಕುಳಿತು ಮಾತಾಡಲು ಸ್ಥಳವಿದೆಯೆ. ಇವಕ್ಕೆ ಸರಿಯಾದ ಉತ್ತರ ಸಿಕ್ಕಿದ ಮೇಲೆ ಉಳಿಯುವ ಮುಖಭಾಗವನ್ನು ಎಷ್ಟು ಬೇಕಾದರೂ ಸಿಂಗರಿಸಲಿ. ನಗರಪಾಲಿಕೆಗಳು ನಕ್ಷೆಗೆ ಅನುಮತಿ ಕೊಡುವಾಗ ಸೈಟಿನ ಸುತ್ತ ಬಿಡಬೇಕಾದ ಅಡಿಗಳನ್ನು ಅಳೆಯುವಂತೆಯೇ ಕಿಟಕಿಗಳಿಗೆ ನೆರಳಿದೆಯೇ ಎಂಬುದನ್ನೂ ಅಳೆಯಲಿ. ಸರ್ಕಾರ ತನ್ನ ಹೊಸ ಕಚೇರಿಗಳಿಗೆ ಹಳೆಯ ಸೌಧಗಳ ಮುಖವನ್ನು ತೊಡಿಸುವ ವೆಚ್ಚದಲ್ಲಿ ಅರ್ಜಿ ಹಿಡಿದು ಕಾಯುವ ರೈತನಿಗೆ ನೆರಳಿರುವ ಪಡಸಾಲೆಯನ್ನು ಕಟ್ಟಿಸಲಿ. ಸುಮಾರು ಆರು ನೂರು ವರ್ಷ ನಿಲ್ಲುವ ಬಸದಿಯನ್ನು ಕಟ್ಟಿದ ಜನರ ಸಂತತಿಯವರು, ಒಂದು ಮಳೆಗಾಲವನ್ನು ತಾಳಲಾರದ ಗೋಡೆಯನ್ನು ಚೆಲುವೆಂದು ಒಪ್ಪಿಕೊಳ್ಳಬೇಕಾದ ಅಗತ್ಯವಿಲ್ಲ. ಅಂಥ ಗೋಡೆಯನ್ನು ನಿರಾಕರಿಸುವ ಅಧಿಕಾರ ಹಣ ತೆರತಕ್ಕ ಪ್ರತಿಯೊಬ್ಬರ ಕೈಯಲ್ಲಿದೆ, ಅದನ್ನು ಅವರು ಚಲಾಯಿಸಬೇಕು.